ಅಂತರ್ಜಾಲದ ಅಂಗಡಿ: ಹಣ ತೆರುವ ಮುನ್ನ ವಿಳಾಸವನ್ನು ಓದುವ ಕ್ರಮ

ಗಡಿಯಾಚೆಯ ಕಾಲೇಜುಗಳಲ್ಲಿ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಪುಸ್ತಕ ಹೊಂದಿಸಿಕೊಳ್ಳುವುದೇ ಒಂದು ಕೆಲಸ. ಕಾಸರಗೋಡಿನವರು ಮಂಗಳೂರಿಗೂ ಅಕ್ಕಲಕೋಟೆಯವರು ಕಲಬುರಗಿಗೂ ರಾಯದುರ್ಗದವರು ಬಳ್ಳಾರಿಗೂ ಹೋಗಿ ತರಬೇಕು. ಇಲ್ಲವೇ ಅಂತರ್ಜಾಲದಲ್ಲಿ ತರಿಸಿಕೊಳ್ಳಬೇಕು. ಆರುನೂರು ರೂಪಾಯಿಯ ನಿಘಂಟು ‘ಇಂದು ಮಾತ್ರ ಇನ್ನೂರಕ್ಕೆ’ ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡಾಗ ಕೈ ತಡೆಯುವುದು ಕಷ್ಟ. ಮೋಸದ ತಾಣವಾದರೆ ಹೋಗುವುದು ಹಣವೊಂದೇ ಅಲ್ಲ. ಪುಸ್ತಕ ಬರುವುದೆಂದು ಕಾದ ಪರೀಕ್ಷೆಯ ಹಿಂದಿನ ದಿನಗಳೂ ಹೋಗುತ್ತವೆ. ಆದುದರಿಂದ ಜಾಲತಾಣವೊಂದನ್ನು ಪರಿಶೀಲಿಸುವ ಕ್ರಮವನ್ನು ಪಠ್ಯದಷ್ಟೇ ಶ್ರದ್ಧೆಯಿಂದ ಅರಿಯಬೇಕಾಗಿದೆ.

೧. ಮುದ್ರೆ ಮತ್ತು ಸತ್ಯ

ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಕೂಟಶಾಸನದ ಪರಿಚಯವಿರುತ್ತದೆ. ತಾಮ್ರಪಟವಿದೆ, ಉಂಗುರವಿದೆ, ರಾಜಮುದ್ರೆಯೂ ಇದೆ. ಆದರೂ ದತ್ತಿ ಸುಳ್ಳು. ವಿದ್ವಾಂಸರು ಮುದ್ರೆಯನ್ನು ಕಂಡೊಡನೆ ನಂಬದೆ ಲಿಪಿ, ಭಾಷೆ, ಕಾಲಗಣನೆಗಳನ್ನು ಒರೆಗೆ ಹಚ್ಚುತ್ತಾರೆ. ಜಾಲತಾಣದ ವಿಳಾಸದ ಪಕ್ಕದ ಬೀಗದ ಚಿಹ್ನೆಯೂ ಇಂಥದೊಂದು ಮುದ್ರೆ.

ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾದರೆ ಕೊನೆಯ ‘ಎಸ್’ ಭದ್ರತೆಯನ್ನು ಸೂಚಿಸುತ್ತದೆ. ಅದರ ಅರ್ಥ ಇಷ್ಟೇ: ಓದುಗನ ಮೊಬೈಲಿಗೂ ಆ ತಾಣದ ಗಣಕಕ್ಕೂ ನಡುವೆ ಸಾಗುವ ಮಾಹಿತಿ ಗೂಢಲಿಪಿಯಲ್ಲಿದೆ; ಬಸ್ ನಿಲ್ದಾಣದ ಉಚಿತ ವೈಫೈಯನ್ನು ಬಳಸಿದರೂ ನಡುವಿನವರು ಅದನ್ನು ಓದಲಾರರು, ತಿದ್ದಲಾರರು. ಅತ್ತ ಕಡೆಯ ಮಾಲೀಕನು ಪ್ರಾಮಾಣಿಕನೇ ಎಂಬುದನ್ನು ಅದು ಹೇಳುವುದಿಲ್ಲ. ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ 2015ರಿಂದ ಭದ್ರತಾ ಪ್ರಮಾಣಪತ್ರಗಳನ್ನು ಉಚಿತವಾಗಿ ನೀಡುತ್ತಿದೆ. ಆ ಹೆಸರು ತನ್ನ ಹಿಡಿತದಲ್ಲಿದೆಯೆಂದು ತೋರಿಸಿದರೆ ಸಾಕು. ವಂಚಕನಿಗೂ ಅದು ಸಾಧ್ಯ. ಬೀಗವನ್ನು ಜನರು ತಪ್ಪಾಗಿ ಅರ್ಥೈಸುತ್ತಿದ್ದಾರೆಂಬ ಕಾರಣದಿಂದಲೇ ಗೂಗಲ್ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನು ಬದಲಿಸಿತು. ಹೀಗಾಗಿ ‘ಎಸ್’ ಇಲ್ಲದಿದ್ದರೆ ಹಣ ತೆರಬಾರದು. ಇದ್ದರೆ ಪರಿಶೀಲನೆ ಮುಗಿಯಿತೆಂದಲ್ಲ, ಆರಂಭವಾಯಿತೆಂದು ತಿಳಿಯಬೇಕು.

೨. ಉತ್ತರಪದವೇ ಪ್ರಧಾನ

ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥಕ್ಕೆ ಪ್ರಾಧಾನ್ಯ. ‘ಅರಮನೆ’ಯಲ್ಲಿ ಅರಸನು ಮುಂದೆ ನಿಂತಿದ್ದರೂ ಪದವು ಹೇಳುವುದು ಮನೆಯನ್ನು. ಜಾಲತಾಣದ ಹೆಸರನ್ನೂ ಹೀಗೆಯೇ ಹಿಂದಿನಿಂದ ಬಿಡಿಸಬೇಕು. ‘ಓಲೆಗರಿ.ಕಾಮ್’ ಎಂಬ ಕಲ್ಪಿತ ಅಂಗಡಿಯಿದೆ ಎಂದುಕೊಳ್ಳೋಣ. ‘ಓಲೆಗರಿ.ಕಾಮ್.ರಿಯಾಯಿತಿ.ಶಾಪ್’ ಎಂಬ ವಿಳಾಸ ಅದರದ್ದಲ್ಲ; ಅದು ‘ರಿಯಾಯಿತಿ.ಶಾಪ್’ ಎಂಬುದನ್ನು ನೋಂದಾಯಿಸಿದವನದು. ‘ಓಲೆಗರಿ-ಆಫರ್.ಕಾಮ್’ ಕೂಡ ಬೇರೆಯೇ ಹೆಸರು. ಮೊದಲ ಒಂಟಿ ಓರೆಗೆರೆಯನ್ನು ಗುರುತಿಸಿ, ಅದರಿಂದ ಎಡಕ್ಕೆ ಬಂದು, ಕೊನೆಯ ಪ್ರತ್ಯಯವನ್ನೂ ಅದಕ್ಕೆ ತಾಗಿದ ಪದವನ್ನೂ ಓದಬೇಕು, ‘ಕೋ.ಇನ್’ ಎಂಬುದನ್ನು ಒಂದೇ ಪ್ರತ್ಯಯವೆಂದು ಎಣಿಸಬೇಕು. ಓರೆಗೆರೆಯ ಬಲಕ್ಕೆ ಎಂಥ ದೊಡ್ಡ ಹೆಸರಿದ್ದರೂ ಅದು ಒಡೆತನವನ್ನು ತೋರಿಸುವುದಿಲ್ಲ.

ಬ್ಯಾಂಕುಗಳ ವಿಷಯದಲ್ಲಿ ಈ ಓದು ಈಗ ಸುಲಭವಾಗಿದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ಸೂಚಿಸಿತು. ಆ ಅಂತ್ಯ ಇತರರಿಗೆ ದೊರೆಯುವುದಿಲ್ಲ.

೩. ಒಂದೇ ರೂಪ, ಬೇರೆ ಅಕ್ಷರ

ಮಡಕಶಿರಾ, ಆದೋನಿ ಕಡೆಯ ವಿದ್ಯಾರ್ಥಿಗಳು ಕನ್ನಡದ ‘ಅ’ಕಾರವನ್ನೂ ತೆಲುಗಿನ ‘ಅ’ಕಾರವನ್ನೂ ಬಲ್ಲರು. ಎರಡು ಲಿಪಿಗಳೂ ಒಂದೇ ಮೂಲದವಾದುದರಿಂದ ಕಣ್ಣಿಗೆ ಭೇದ ತೋರದು. ಗಣಕಕ್ಕೆ ಮಾತ್ರ ಯೂನಿಕೋಡಿನಲ್ಲಿ ಕನ್ನಡದ್ದು 3205, ತೆಲುಗಿನದು 3077. ಇಂಗ್ಲಿಷಿನ ಸಣ್ಣ ‘ಎ’ಗೂ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯ ‘ಅ’ಕಾರಕ್ಕೂ ಇದೇ ಸಂಬಂಧ: ರೂಪ ಒಂದು, ಸಂಖ್ಯೆ 97 ಮತ್ತು 1072. ಇಂಥ ಅಕ್ಷರವನ್ನು ಸೇರಿಸಿ ಪ್ರಸಿದ್ಧ ಅಂಗಡಿಯ ಹೆಸರಿನಂತೆಯೇ ಕಾಣುವ ಹೆಸರನ್ನು ಕಟ್ಟಬಹುದು. ಕಣ್ಣು ಇಲ್ಲಿ ಸಾಕ್ಷಿಯಾಗಲಾರದು. ಆದುದರಿಂದ ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ವಿಳಾಸವನ್ನು ತಾನೇ ಬೆರಳಚ್ಚಿಸಿ ತಾಣವನ್ನು ಪ್ರವೇಶಿಸುವುದು ಲೇಸು.

೪. ಅಂಗಡಿಯ ಗುರುತು

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಅಂತರ್ಜಾಲದ ಅಂಗಡಿಯು ತನ್ನ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ ಮತ್ತು ದೂರು ಅಧಿಕಾರಿಯ ವಿವರಗಳನ್ನು ಪ್ರಕಟಿಸಬೇಕು. ಆ ಅಧಿಕಾರಿ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ಬರಿಯ ವಾಟ್ಸಾಪ್ ಸಂಖ್ಯೆಯಿರುವ ತಾಣ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದು.

ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಓದಬಹುದು. ಹದಿನೈದು ಅಕ್ಷರ-ಅಂಕಿಗಳಲ್ಲಿ ಮೊದಲೆರಡು ರಾಜ್ಯವನ್ನು ಹೇಳುತ್ತವೆ: ಕರ್ನಾಟಕ 29, ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27, ಗೋವಾ 30, ತೆಲಂಗಾಣ 36, ಆಂಧ್ರಪ್ರದೇಶ 37. ವಿಳಾಸ ಬೆಂಗಳೂರಿನದಾಗಿ ಸಂಖ್ಯೆ ಬೇರೆ ರಾಜ್ಯದ್ದಾದರೆ ಸಂದೇಹಪಡಬೇಕು. ಜಿಎಸ್‌ಟಿ ಇಲಾಖೆಯ ತಾಣದಲ್ಲಿ ಸಂಖ್ಯೆಯನ್ನು ನಮೂದಿಸಿ ಮಾಲೀಕನ ಹೆಸರನ್ನು ಹೋಲಿಸಬೇಕು. ಮುದ್ರಿತ ಪುಸ್ತಕಗಳಿಗೆ ಈ ತೆರಿಗೆಯಿಲ್ಲವಾದ್ದರಿಂದ ಪುಸ್ತಕ ಮಾತ್ರ ಮಾರುವವರಲ್ಲಿ ಸಂಖ್ಯೆ ಇಲ್ಲದಿರಬಹುದು. ಇಲ್ಲದಿರುವುದು ದೋಷವಲ್ಲ, ಸುಳ್ಳು ಸಂಖ್ಯೆ ದೋಷ.

೫. ಹಣ ತೆರುವಾಗ

ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಪಡೆಯುವುದಕ್ಕೆ ಅದು ಬೇಡ. ‘ಹಣ ಹಿಂದಿರುಗಿಸುತ್ತೇವೆ, ಪಿನ್ ಒತ್ತಿರಿ’ ಎಂಬ ಮಾತು ಅಲ್ಲಿಗೇ ಸುಳ್ಳೆಂದು ತಿಳಿಯಬೇಕು. ಒಟಿಪಿಯನ್ನು ಯಾರಿಗೂ ಹೇಳಬಾರದು. ಮೋಸಹೋದುದು ಅರಿವಾದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣವು ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಯಲು ಆ ಮೊದಲ ಗಂಟೆಗಳೇ ಮುಖ್ಯ.

ಅಭ್ಯಾಸ

1. ‘ಮುದ್ರೆಯಿದ್ದ ಮಾತ್ರಕ್ಕೆ ಶಾಸನ ಸಾಚಾ ಅಲ್ಲ’ ಎಂಬುದನ್ನು ಬೀಗದ ಚಿಹ್ನೆಗೆ ಅನ್ವಯಿಸಿ ವಿವರಿಸಿ.
2. ಇತ್ತೀಚೆಗೆ ಮೊಬೈಲಿಗೆ ಬಂದ ಜಾಹೀರಾತೊಂದರ ವಿಳಾಸವನ್ನು ಒತ್ತದೆ ಬರೆದುಕೊಂಡು, ಅದರ ಪ್ರಧಾನ ಪದವನ್ನು ಗುರುತಿಸಿ.
3. ಕನ್ನಡ ಮತ್ತು ತೆಲುಗು ಲಿಪಿಗಳಲ್ಲಿ ಒಂದೇ ರೂಪದ ಐದು ಅಕ್ಷರಗಳನ್ನು ಪಟ್ಟಿಮಾಡಿ.