ರೆಕ್ಕೆಯ ಮಚ್ಚೆ ನಂಬಿ ಕೆಟ್ಟವನ ಟಿಪ್ಪಣಿ

1. ರೆಕ್ಕೆ ಆಮೇಲೆ, ಮೊದಲು ಮೈ ನೋಡಿ.
ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಕರಿಬೇವಿಗೆ ಬರುತ್ತಿದ್ದ ಚಿಟ್ಟೆಯೊಂದನ್ನು ಬಹಳ ಕಾಲ ಕಾಮನ್ ರೋಸ್ ಎಂದೇ ಬರೆದುಕೊಂಡೆ. ಕಪ್ಪು ರೆಕ್ಕೆ, ಕೆಂಪು ಬಿಳಿ ಮಚ್ಚೆ, ಪುಸ್ತಕದ ಚಿತ್ರಕ್ಕೆ ಸರಿಯಾಗಿ ತಾಳೆ, ಇನ್ನೇನು ಬೇಕು? ರೋಸ್‌ನ ಮೈ ಕೆಂಪು. ಇದರದ್ದು ಕಪ್ಪು. ಅದು ಕಾಮನ್ ಮಾರ್ಮನ್ ಹೆಣ್ಣು. ಈಶ್ವರಬಳ್ಳಿ ತಿಂದು ಬೆಳೆಯುವ ರೋಸ್‌ನ ಮೈಯಲ್ಲಿ ವಿಷವಿರುತ್ತದೆ, ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ. ಮಾರ್ಮನ್‌ಗೆ ವಿಷವಿಲ್ಲ, ವೇಷ ಮಾತ್ರ. ಅದರಲ್ಲೂ ಹೆಣ್ಣಿಗೆ ಮೂರು ರೂಪ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ಈ ವೇಷಗಳ ಹಿಂದಿರುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಅಷ್ಟು ದೂರ ಹೋಗುವುದೇ ಬೇಕಿರಲಿಲ್ಲ. ರೋಸ್ ಕರಿಬೇವಿನ ಮೇಲೆ ಮೊಟ್ಟೆ ಇಡುವುದಿಲ್ಲ. ಗಿಡ ಕಣ್ಣೆದುರೇ ಇತ್ತು, ನಾನು ಕೇಳಲಿಲ್ಲ.

2. ಚುಕ್ಕೆ ಎಣಿಸಿ.
ಪೀಣ್ಯದ ಶೆಡ್‌ಗಳ ನಡುವೆ ಖಾಲಿ ಸೈಟು, ಸೈಟಿನಲ್ಲಿ ಎಕ್ಕ, ಎಕ್ಕದ ಸುತ್ತ ಪ್ಲೇನ್ ಟೈಗರ್. ಹಾಗಾಗಿ ಅಲ್ಲಿ ಕಿತ್ತಳೆ ಬಣ್ಣ ಕಂಡಿದ್ದಕ್ಕೆಲ್ಲ ಅದೇ ಹೆಸರು ಕೊಟ್ಟುಬಿಟ್ಟೆ. ಅವುಗಳಲ್ಲೊಂದು ಚರಂಡಿ ಪಕ್ಕದ ಗೋಣಿಸೊಪ್ಪಿನ ಮೇಲೆ ಮೊಟ್ಟೆ ಇಡಲು ಕೂತಾಗ ಅನುಮಾನ ಬಂತು. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆ, ಗಂಡಾದರೆ ನಾಲ್ಕು. ಇದಕ್ಕಿದ್ದದ್ದು ಮೇಲಂಚಿನಲ್ಲಿ ಒಂದೇ: ಡನೈಡ್ ಎಗ್‌ಫ್ಲೈ ಹೆಣ್ಣು. ಗಂಡು ಕಪ್ಪಗೆ, ದುಂಡು ಬಿಳಿ ಮಚ್ಚೆ, ಅಂಚಿಗೆ ನೇರಳೆ ಹೊಳಪು. ಇಬ್ಬರೂ ಒಂದೇ ಜಾತಿ ಎಂದರೆ ಈಗಲೂ ನಂಬುವುದು ಕಷ್ಟ. ಹಳೆಯ ನೋಟ್‌ಬುಕ್ಕಿನಲ್ಲಿ ಟೈಗರ್ ಎಂದಿರುವುದರಲ್ಲಿ ಎಷ್ಟು ಎಗ್‌ಫ್ಲೈಗಳೋ!

3. ತಿಂಗಳನ್ನೂ ಬರೆದಿಡಿ.
ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಂಜೆ ಪಾರ್ಕಿಂಗ್ ದೀಪಕ್ಕೆ ಬರುವ ಕಾಮನ್ ಈವ್ನಿಂಗ್ ಬ್ರೌನನ್ನು ನಾನು ಎರಡು ಜಾತಿ ಮಾಡಿಟ್ಟಿದ್ದೆ. ಮಳೆಗಾಲದ್ದಕ್ಕೆ ರೆಕ್ಕೆಯ ಅಡಿಯಲ್ಲಿ ಸಾಲಾಗಿ ಕಣ್ಣುಗಳು. ಬೇಸಿಗೆಯದ್ದು ಥೇಟ್ ಒಣಗಿದ ಎಲೆ, ಕಣ್ಣುಗಳು ಇಲ್ಲವೆಂದೇ ಹೇಳಬೇಕು.

4. ಸವೆದ ರೆಕ್ಕೆ ಹೊಸ ಜಾತಿಯಲ್ಲ.
ರೆಕ್ಕೆಯ ಬಣ್ಣ ಇರುವುದು ಪುಡಿಯಂಥ ಹುರುಪೆಗಳಲ್ಲಿ. ಅವು ಉದುರಿದರೆ ಮಚ್ಚೆಯೂ ಹೋಗುತ್ತದೆ. ವಿಚಿತ್ರ ಗುರುತೆಂದು ನಾನು ಸಂಭ್ರಮಿಸಿದ್ದು ಹೆಚ್ಚಾಗಿ ಇಂಥ ಮುದಿ ಚಿಟ್ಟೆಗಳನ್ನೇ. ಈಗ ಒಂದೇ ಫೋಟೊ ನೋಡಿ ಹೆಸರಿಡುವುದಿಲ್ಲ. ರೆಕ್ಕೆ ಮಡಚುವ ತನಕ ಕಾದು ಅಡಿಭಾಗವನ್ನೂ ತೆಗೆಯುತ್ತೇನೆ. ಫ್ಯಾಕ್ಟರಿ ಕಾಂಪೌಂಡಿನ ಹತ್ತಿರ ಹಾಗೆ ಕಾದರೆ ಸೆಕ್ಯೂರಿಟಿಯವರು ಬಂದು ವಿಚಾರಿಸುವುದು ಇದ್ದದ್ದೇ; ಕ್ಯಾಮೆರಾದಲ್ಲಿರುವುದನ್ನು ತೋರಿಸಿಬಿಡಿ.