ಹಣ್ಣಿನ ರಸ ಹೀರುವ ಪತಂಗವನ್ನು ಗುರುತಿಸಿರಿ

ಹಿತ್ತಿಲ ಗೋಡೆಗೆ ಒಣಗಿದ ಎಲೆಯೊಂದು ಅಂಟಿಕೊಂಡಂತೆ ಕಂಡರೆ ಕಡ್ಡಿಯಿಂದ ಮೆಲ್ಲನೆ ಮುಟ್ಟಿ ನೋಡಿರಿ. ಕಂದು ಬಣ್ಣದ ಮುಂದಿನ ರೆಕ್ಕೆ ಸರಿದು, ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆ ಹೊರಬಿದ್ದರೆ ಅದು ಹಣ್ಣಿನ ರಸ ಹೀರುವ ಪತಂಗ. ಆ ರೆಕ್ಕೆಯ ನಡುವೆ ದುಂಡನೆಯ ಕಪ್ಪು ಚುಕ್ಕೆಯಿದ್ದರೆ ಯೂಡೋಸಿಮಾ ಮೆಟರ್ನಾ. ಬಾಗಿದ ದಪ್ಪ ಮಚ್ಚೆಯಿದ್ದರೆ ಯೂಡೋಸಿಮಾ ಫಲೋನಿಯಾ. ಹಳೆಯ ಪುಸ್ತಕಗಳಲ್ಲಿ ಇವೇ ಒಥ್ರೀಸ್.

ಸಾಮಾನ್ಯವಾಗಿ ಪತಂಗಗಳಲ್ಲಿ ಬೆಳೆ ಹಾಳುಮಾಡುವುದು ಮರಿಹುಳು. ಇಲ್ಲಿ ಹಾಗಲ್ಲ. ಪ್ರೌಢ ಪತಂಗವೇ ಗಟ್ಟಿ ಸೊಂಡಿಲಿನಿಂದ ಕಿತ್ತಳೆ, ಮೂಸಂಬಿ, ದಾಳಿಂಬೆಯ ಸಿಪ್ಪೆ ಕೊರೆದು ರಸ ಹೀರುತ್ತದೆ. ಬೆಳಿಗ್ಗೆ ನೋಡಿದರೆ ಸೂಜಿ ಚುಚ್ಚಿದಷ್ಟೇ ರಂಧ್ರ; ಹಿಚುಕಿದರೆ ರಸ ಚಿಮ್ಮುತ್ತದೆ. ಅಲ್ಲಿಂದ ಶಿಲೀಂಧ್ರ ಸೇರಿ ಹಣ್ಣು ಕೊಳೆತು ಉದುರುತ್ತದೆ. ಕಳ್ಳನನ್ನು ಹಗಲಿನಲ್ಲಿ ಹುಡುಕಿ ಫಲವಿಲ್ಲ. ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ತೋಟ ಸುತ್ತಬೇಕು.

ಮರಿಹುಳು ಬೆಳೆಯುವುದು ಅಮೃತಬಳ್ಳಿ, ದಾಗಡಿಬಳ್ಳಿಗಳ ಮೇಲೆ. ಅದರ ಮೈಪಕ್ಕದಲ್ಲಿ ಕಣ್ಣಿನಂಥ ಮಚ್ಚೆಗಳಿರುತ್ತವೆ. ತೋಟದ ಬೇಲಿಯಲ್ಲಿ ತಾನಾಗಿ ಹಬ್ಬಿದ ಬಳ್ಳಿಯನ್ನು ಕೀಳುವುದು ಸರಿಯೇ. ಆದರೆ ಔಷಧಿಗೆಂದು ಹಿತ್ತಿಲಲ್ಲಿ ಬೆಳೆಸಿದ ಅಮೃತಬಳ್ಳಿಯಿಂದ ಹುಳು ಆರಿಸಿ ತೆಗೆದರೆ ಸಾಕೆಂದು ನಮ್ಮ ಅಭಿಪ್ರಾಯ. ಹಣ್ಣು ಬಲಿಯುವಾಗ ಕಾಗದದ ಚೀಲ ಕಟ್ಟಿರಿ. ಉದುರಿದ ಹಣ್ಣನ್ನು ಅಂದಂದೇ ಹೂಳಿರಿ. ಕೊಳೆತ ವಾಸನೆಗೆ ಮತ್ತಷ್ಟು ಪತಂಗಗಳು ಬರುತ್ತವೆ.