ನೇರ ಮಾತು ಏಕೆ ತುಂಡಾಗುತ್ತದೆ?

ಹಾಸಿಗೆ ಹಿಡಿದಿರುವ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಕಳೆದ ತಿಂಗಳು ಭಾನುವಾರದ ಅಭ್ಯಾಸವರ್ಗವನ್ನು ಮನೆಯಲ್ಲಿಯೇ, ಮೊಮ್ಮಗನ ಕಂಪ್ಯೂಟರಿನ ಬ್ರೌಸರಿನ ಮೂಲಕ, ಕೇಳಿಸುವ ಏರ್ಪಾಡು ಮಾಡಿದೆವು. ನಡುನಡುವೆ ಮಾತು ತುಂಡಾಯಿತು. ಮರುದಿನ ಗಿರಣಿಯಿಂದ ಬರುವಾಗ ಅವರನ್ನು ಕಂಡೆ. “ನನ್ನ ಕಿವಿಯೇ ಹೋಗಿದೆಯಪ್ಪ. ಇನ್ನು ನನಗಾಗಿ ತೊಂದರೆ ತೆಗೆದುಕೊಳ್ಳಬೇಡಿ” ಎಂದರು. ಅವರ ಕಿವಿ ನೆಟ್ಟಗಿದೆ. ಅದು ಅವರಿಗೂ ಇತರರಿಗೂ ಮನದಟ್ಟಾಗಲೆಂದು ಈ ಪಾಠ.

ಬ್ರೌಸರು ಮೊದಲು ಮೈಕನ್ನು ಬಳಸಲು ನಮ್ಮ ಅನುಮತಿ ಕೇಳುತ್ತದೆ. ಬಳಿಕ ಮಾತನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಣುಕು ಸಾಮಾನ್ಯವಾಗಿ ೨೦ ಮಿಲಿಸೆಕೆಂಡಿನದು. ಎಂದರೆ ಸೆಕೆಂಡಿಗೆ ೫೦ ತುಣುಕು. ೨೦೧೨ರಲ್ಲಿ ಪ್ರಮಾಣವಾಗಿ ಪ್ರಕಟವಾದ ‘ಓಪಸ್’ ಎಂಬ ವಿಧಾನದಿಂದ ಅವುಗಳನ್ನು ಅಡಕಗೊಳಿಸಿ, ಗುಪ್ತಲಿಪಿಯಲ್ಲಿ ಮುಚ್ಚಿ, ಕ್ರಮಸಂಖ್ಯೆ ಹಾಕಿ ರವಾನಿಸುತ್ತದೆ.

ದಾರಿಯಲ್ಲಿ ಕೆಲವು ತುಣುಕುಗಳು ಹಿಂದುಮುಂದಾಗುತ್ತವೆ, ಕೆಲವು ಕಳೆದೇಹೋಗುತ್ತವೆ. ಆದುದರಿಂದ ಕೇಳುವವರ ಬ್ರೌಸರು ಅವನ್ನು ಕ್ಷಣಕಾಲ ತಡೆದು, ಸಂಖ್ಯೆ ನೋಡಿ ಸಾಲಾಗಿಸಿ ನುಡಿಸುತ್ತದೆ. ಬಾರದೆ ಉಳಿದುದಕ್ಕೆ ಹಿಂದಿನ ಧ್ವನಿಯನ್ನು ನೋಡಿ ಅಂದಾಜಿನ ತೇಪೆ ಹಾಕುತ್ತದೆ. ತೇಪೆಗೂ ಮೀರಿದ ನಷ್ಟವಾದಾಗ ಮಾತು ತುಂಡಾಗುತ್ತದೆ.

ಕಳೆದುದನ್ನು ಮತ್ತೆ ತರಿಸಬಾರದೇ ಎಂದು ವಾಚಕರು ಕೇಳಬಹುದು. ಸಂಬಳದ ಪಟ್ಟಿ ಒಂದು ದಿನ ತಡವಾದರೂ ಉಪಯೋಗಕ್ಕೆ ಬರುತ್ತದೆ. ಏಳು ಗಂಟೆಯ ಗಿರಣಿಯ ಭೋಂಗಾ ಏಳೂವರೆಗೆ ಕೂಗಿದರೆ ಯಾರಿಗೆ ಬೇಕು? ಸಂಭಾಷಣೆಯೂ ಭೋಂಗಾದಂತೆಯೇ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ೧೫೦ ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಹಿತ. ಬಹಳ ಮೀರಿದರೆ ಇಬ್ಬರೂ ಒಟ್ಟಿಗೇ ಮಾತಾಡತೊಡಗುತ್ತಾರೆ. ಆದುದರಿಂದ ತಡವಾದ ಧ್ವನಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುವುದೇ ಇಲ್ಲಿನ ನಿಯಮ.

ಕ್ರಿಕೆಟ್ ಪಂದ್ಯದಂತಹ ಒಮ್ಮುಖ ಪ್ರಸಾರದ ರೀತಿ ಬೇರೆ. ೨೦೦೯ರಲ್ಲಿ ಆಪಲ್ ಕಂಪನಿ ತಂದ ಕ್ರಮದಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ಕಂತುಗಳಾಗಿ ಕಳಿಸುತ್ತಾರೆ. ಕಳೆದುದನ್ನು ಮತ್ತೆ ತರಿಸಲು ಅಲ್ಲಿ ಸಮಯವುಂಟು. ನಮ್ಮ ತೆರೆಯಲ್ಲಿ ಬೌಲರು ಓಡಿಬರುತ್ತಿರುವಾಗಲೇ ಪಕ್ಕದ ಮನೆಯವರು “ಔಟ್!” ಎಂದು ಕೂಗುವುದು ಇಂತಹ ವಿಳಂಬದಿಂದಲೇ.

ಹಿಂದೆ ಬ್ರೌಸರಿನಲ್ಲಿ ಸಂಭಾಷಣೆಗೆ ಫ್ಲ್ಯಾಷ್‌ನಂತಹ ಜೋಡಣೆ ಬೇಕಾಗುತ್ತಿತ್ತು. ೨೦೧೧ರಲ್ಲಿ ಗೂಗಲ್ ‘ವೆಬ್ ಆರ್‌ಟಿಸಿ’ಯನ್ನು ಎಲ್ಲರಿಗೂ ಮುಕ್ತಗೊಳಿಸಿತು, ೨೦೨೧ರ ಜನವರಿಯಲ್ಲಿ ಅದು ಜಾಲದ ಅಧಿಕೃತ ಪ್ರಮಾಣವಾಯಿತು. ಈಗ ಬ್ರೌಸರೊಂದೇ ಸಾಕು.

ಇನ್ನು ಮಾಡತಕ್ಕ ಕೆಲಸ. ಧ್ವನಿಗೆ ಸೆಕೆಂಡಿಗೆ ಮೂವತ್ತು ನಲವತ್ತು ಕಿಲೋಬಿಟ್ಟು ಸಾಕಾದರೆ, ಚಿತ್ರಕ್ಕೆ ನೂರಾರು ಬೇಕು. ಆದುದರಿಂದ ಮಾತು ತುಂಡಾದೊಡನೆ ಚಿತ್ರವನ್ನು ನಿಲ್ಲಿಸಿರಿ. ವೈಫೈ ಪೆಟ್ಟಿಗೆಯ ಹತ್ತಿರ ಕುಳಿತುಕೊಳ್ಳಿರಿ. ಪಾಠ ಹೇಳುವವರು ಸಾವಕಾಶವಾಗಿ ಹೇಳಿ, ನಡುವೆ ನಿಂತು “ಕೇಳಿಸಿತೇ?” ಎಂದು ವಿಚಾರಿಸಲಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಕಳೆದ ಮಾತನ್ನು ಯಂತ್ರವು ಮತ್ತೆ ಕೇಳುವುದಿಲ್ಲ, ಮನುಷ್ಯನೇ ಕೇಳಬೇಕು. “ಇನ್ನೊಮ್ಮೆ ಹೇಳಿ” ಎನ್ನಲು ಯಾರೂ ಸಂಕೋಚಪಡಬೇಕಾಗಿಲ್ಲ. ಬರುವ ಭಾನುವಾರ ನಮ್ಮ ಹಿರಿಯರ ಮಂಚದ ಬಳಿ ನಾನೇ ಕೂರುವೆನು. ಅವರು ಕೇಳಲಿ, ನಾವು ಇನ್ನೊಮ್ಮೆ ಹೇಳೋಣ.